ಇಲ್ಲದ ತೆರಿಗೆಯ ಲೆಕ್ಕ

ಹಳಗನ್ನಡವನ್ನು ಪ್ರೀತಿಯಿಂದ ಓದಿ ಎಂ.ಎ. ಪದವೀಧರನಾಗಿಯೂ, ಅನ್ನಕ್ಕೆ ದಾರಿಯಾಗದ ಆ ವಿದ್ಯೆಯನ್ನು ಅಟ್ಟದ ಮೇಲಿರಿಸಿ, ಅನ್ಯರ ಅನ್ನವನ್ನು ಬೆನ್ನ ಮೇಲೆ ಹೊತ್ತು ಬೆಂಗಳೂರಿನ ಬೀದಿಗಳಲ್ಲಿ ಸಂಚರಿಸುವ ವೃತ್ತಿಯನ್ನು ಅವಲಂಬಿಸಿದ ನನ್ನಂಥವನನ್ನು, ಆದಾಯ ತೆರಿಗೆಯ ಶಾಸ್ತ್ರವು ಸ್ವತಂತ್ರ ವ್ಯಾಪಾರಿಯೆಂದು ಗೌರವಿಸುವುದೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಆರ್ಡರ್ ತಡವಾದರೆ ಬೈಯುವುದಕ್ಕೆ ನಾಲ್ಕಾರು ಯಜಮಾನರುಂಟು. ತೆರಿಗೆಯ ಪ್ರಕರಣದಲ್ಲಿ ಮಾತ್ರ ನಾನೇ ಯಜಮಾನ.

ಕಂಪನಿಯವರು ಪೇಔಟಿನಿಂದ ಶೇ 1ರಷ್ಟನ್ನು ಟಿಡಿಎಸ್ ಎಂದು ಮುರಿದುಕೊಂಡು ನನ್ನ ಪ್ಯಾನ್ ಸಂಖ್ಯೆಗೆ ಕಟ್ಟುವರು. ಪ್ಯಾನ್ ಕೊಡದ ಸೋಮಾರಿಗೆ ಅದೇ ಶೇ 20. ವರ್ಷದ ತೆರಿಗೆಯು 10,000 ರೂಪಾಯಿ ಮುಟ್ಟುವಂತಿದ್ದರೆ ನಮ್ಮಂಥವರು ಮಾರ್ಚ್ 15ರೊಳಗೆ ಅಂದಾಜು ಮಾಡಿ ಮುಂಗಡವಾಗಿ ಕಟ್ಟತಕ್ಕದ್ದೆಂದು ತಿಳಿದು, ನಾನೂ ಅಂದಾಜಿಗೆ ಕುಳಿತೆನು. ನಮ್ಮ ಆದಾಯದ ಅಂದಾಜೆಂದರೆ ಪಂಚಾಂಗ ನೋಡುವ ಕೆಲಸವೇ ಸರಿ: ಹಸ್ತಾ ಮಳೆ ರಾತ್ರಿಯೂಟದ ಹೊತ್ತಿಗೆ ಹಿಡಿದುಕೊಂಡರೆ ಇನ್ಸೆಂಟಿವ್, ಸಿಲ್ಕ್ ಬೋರ್ಡಿನ ನೀರಿನಲ್ಲಿ ಗಾಡಿ ಕೆಟ್ಟು ನಿಂತರೆ ಆ ಇನ್ಸೆಂಟಿವ್ ಮೆಕ್ಯಾನಿಕ್ಕಿಗೆ.

ಖರ್ಚಿನ ಸಾಕ್ಷ್ಯಕ್ಕೆಂದು ಪೆಟ್ರೋಲ್ ಬಂಕಿನ ಚೀಟಿಗಳನ್ನು ರೇನ್‌ಕೋಟಿನ ಒಳಜೇಬಿನಲ್ಲಿ ಭಕ್ತಿಯಿಂದ ಕೂಡಿಟ್ಟಿದ್ದೆನು. ಲೆಕ್ಕದ ದಿನ ತೆಗೆದು ನೋಡಲಾಗಿ, ಶಾಖಕ್ಕೂ ಬೆವರಿಗೂ ಅಕ್ಷರಗಳೆಲ್ಲ ಅಳಿದು, ಅವು ನಿರ್ಗುಣ ಬ್ರಹ್ಮದಂತೆ ನಾಮರೂಪರಹಿತವಾಗಿದ್ದವು.

“ಚೀಟಿ ಯಾಕಪ್ಪಾ? 44ಎಡಿ ಹಾಕೋಣ ಬಿಡು,” ಎಂದರು ನಮ್ಮ ಬಡಾವಣೆಯ ಟ್ಯಾಕ್ಸ್ ಕನ್ಸಲ್ಟೆಂಟರು.

ಬ್ಯಾಂಕಿನ ಮೂಲಕ ಬಂದ ಒಟ್ಟು ಹಣದಲ್ಲಿ ಶೇ 6ಕ್ಕೆ, ನಗದಾದರೆ ಶೇ 8ಕ್ಕೆ, ಕಡಮೆಯಾಗದಂತೆ ಲಾಭ ತೋರಿಸಿದರೆ ಲೆಕ್ಕದ ಪುಸ್ತಕಗಳ ಗೊಡವೆಯೇ ಇಲ್ಲವೆಂಬುದು ಆ ಕಲಮಿನ ತಾತ್ಪರ್ಯ. ಎಂದರೆ, 3,60,000 ರೂಪಾಯಿ ಕೈಗೆ ಬಂದ ನನಗೆ ಕನಿಷ್ಠ ಲಾಭ 21,600 ರೂಪಾಯಿ! ಇಷ್ಟರಲ್ಲಿ ಬೆಂಗಳೂರಿನಲ್ಲಿ ಒಂದು ವರ್ಷ ಬಾಳುವವನು ವ್ಯಾಪಾರಿಯಲ್ಲ, ತಪಸ್ವಿ. ನಿಜವಾದ ಲಾಭ ಹೆಚ್ಚಿದ್ದುದರಿಂದ ಹೆಚ್ಚನ್ನೇ ಬರೆಸಿದೆನು, ಬರೆಸಿಯೂ ಫಲವಿಲ್ಲ. 2024-25ರ ಹೊಸ ಪದ್ಧತಿಯಲ್ಲಿ 7 ಲಕ್ಷದ ಆದಾಯದವರೆಗೆ ತೆರಿಗೆಯ ಭಾರವಿರಲಿಲ್ಲವಾಗಿ (ಮರುವರ್ಷದಿಂದ ಆ ಮಿತಿ 12 ಲಕ್ಷಕ್ಕೇರಿತು), ನನ್ನ ಪಾಲಿನ ತೆರಿಗೆ ಶುದ್ಧ ಸೊನ್ನೆ. ಇಷ್ಟು ಚಿಂತಿಸಿದ ಮೇಲೆ ನೂರು ರೂಪಾಯಿಯಾದರೂ ಬರಬಾರದಿತ್ತೇ ಎಂದು ಕೊಂಚ ಮುಖಭಂಗವೇ ಆಯಿತೆನ್ನಬೇಕು.

ಆದರೆ ಸೊನ್ನೆಯನ್ನೂ ವಿಧಿವತ್ತಾಗಿ ನಿವೇದಿಸದೆ, ಮುರಿದುಕೊಂಡ 3,600 ರೂಪಾಯಿ ಹಿಂದಿರುಗುವಂತಿಲ್ಲ. ಐಟಿಆರ್-4 ತುಂಬಿದ್ದಾಯಿತು, ದಿನವಿಡೀ ಗಿರಾಕಿಗಳ ಬಾಗಿಲಲ್ಲಿ ನಿಂತು ಒಟಿಪಿ ಬೇಡುವ ನಾನು, ಅಂದು ಕುರ್ಚಿಯಲ್ಲಿ ಕುಳಿತು ಒಟಿಪಿ ದಯಪಾಲಿಸಿದ್ದೂ ಆಯಿತು. ಆಗಸ್ಟಿನಲ್ಲಿ, ಏಪ್ರಿಲಿನಿಂದ ತಿಂಗಳಿಗೆ ಶೇ ಅರ್ಧದಂತೆ 90 ರೂಪಾಯಿ ಬಡ್ಡಿ ಸಮೇತ ರಿಫಂಡು ಜಮೆಯಾಗಲು, ಪರಮಾನಂದದಿಂದ ಕನ್ಸಲ್ಟೆಂಟರಿಗೆ ಮೊಬೈಲು ತೋರಿಸಿದೆನು.

“ಆ ತೊಂಬತ್ತು ರೂಪಾಯಿ ಬಡ್ಡಿ ಇದೆಯಲ್ಲಪ್ಪಾ, ಅದಕ್ಕೆ ವಿನಾಯಿತಿ ಇಲ್ಲ, ಮುಂದಿನ ವರ್ಷ ಆದಾಯ ಅಂತ ತೋರಿಸ್ಬೇಕು,” ಎಂದು ಅವರು ಕನ್ನಡಕ ಸರಿಪಡಿಸಿಕೊಂಡು, ತಮ್ಮ ಫೀಜು 500 ರೂಪಾಯಿಯ ನೆನಪನ್ನೂ ಮಾಡಿದರು.