ಮಿಲಿಮೀಟರ್ ಮಾರ್ತಾಂಡರಿಗೊಂದು ಬಿನ್ನವತ್ತಳೆ

ಶ್ರೀಮನ್ಮಹಾ ಹವಾಮಾನ ಸಾರ್ವಭೌಮ, ಅತಿವೃಷ್ಟಿ ಅನಾವೃಷ್ಟಿಗಳೆರಡರಲ್ಲೂ ಸಮದರ್ಶಿ, ಕಾರ್ಯಾಗಾರ ಕಂಠೀರವ, ಪವರ್‌ಪಾಯಿಂಟ್ ಪಿತಾಮಹ, ಫ್ಲೆಕ್ಸ್ ಭೂಷಣ, ಡ್ಯಾಶ್‌ಬೋರ್ಡ್ ದಿವಾಕರ, ಮಿಲಿಮೀಟರ್ ಮಾರ್ತಾಂಡ, ಹವಾಮಾನ ಹೊಂದಾಣಿಕೆ ಮತ್ತು ಸ್ಥಿತಿಸ್ಥಾಪಕತ್ವ ಯೋಜನೆಯ ಮಾನ್ಯ ನಿರ್ದೇಶಕರೇ. ತಮ್ಮ ಎಡಕ್ಕೆ ಕುಳಿತ ಉಪನಿರ್ದೇಶಕರೇ, ಅವರ ಎಡಕ್ಕೆ ಕುಳಿತ ಸಹಾಯಕ ನಿರ್ದೇಶಕರೇ, ಕುರ್ಚಿ ಸಾಲದೆ ನಿಂತೇ ಇರುವ ಪ್ರಭಾರ ಸಹಾಯಕ ನಿರ್ದೇಶಕರೇ. ಬೆಂಗಳೂರಿನಿಂದ ಆಳಿಗೊಂದು ಕಾರಿನಂತೆ ಬಂದಿಳಿದ ಕನ್ಸಲ್ಟೆಂಟ್ ಮಹಾಶಯರೇ, ಅವರ ಲ್ಯಾಪ್‌ಟಾಪ್ ಹೊತ್ತ ಕಿರಿಯ ಕನ್ಸಲ್ಟೆಂಟರೇ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಊಟದ ಕೂಪನ್ ಹಿಡಿದು ಕೂತ ಫಲಾನುಭವಿ ಬಂಧುಗಳೇ. ಕೊನೇ ಸಾಲಿನಲ್ಲಿರುವ ನಮ್ಮ ಪಂಚಾಯಿತಿಯ ವಾಟರ್‌ಮನ್ನೇ!

ತಮಗೆ ಬಡ್ತಿಯಾಗಿ ರಾಜಧಾನಿಗೆ ವರ್ಗವಾಗಿದೆ. ಮಲೆನಾಡಿನ ನಾವು ಅನಾಥರಾದೆವು. ತಾವು ಬರುವ ಮುಂಚೆ ನಮಗೆ ಮಳೆ ಬಂದರೆ ಮಳೆ, ಬಾರದಿದ್ದರೆ ಬಿಸಿಲು, ಇಷ್ಟೇ ಗೊತ್ತಿತ್ತು. ತಾವು ಬಂದ ಮೇಲೆ ನಮಗೆ ದುರ್ಬಲತೆಯ ಸೂಚ್ಯಂಕ ಬಂತು, ಪಾಲುದಾರರ ಸಮಾಲೋಚನೆ ಬಂತು, ಲೋಗೊ ಬಂತು, ಲೋಗೊ ಇರುವ ಟೋಪಿ ಬಂತು. ಬರಬೇಕಾದ ಹಣ ಒಂದು ಬರಲಿಲ್ಲ. ಇರಲಿ, ಸನ್ಮಾನದ ದಿನ ಅದನ್ನೆಲ್ಲ ಎತ್ತಬಾರದು ಎಂದು ಕಾರ್ಯದರ್ಶಿಗಳು ಮೊದಲೇ ಹೇಳಿದ್ದಾರೆ.

ತಮ್ಮ ಪರಂಪರೆ ಸಾಮಾನ್ಯದ್ದಲ್ಲ. ಹವಾಮಾನ ಬದಲಾವಣೆ ಎದುರಿಸಲು ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಹೊರಡಿಸಿದ್ದು 2008ರಲ್ಲಿ, ಅದರಲ್ಲಿ 8 ಅಭಿಯಾನಗಳು. ಅದರ ಹಿಂದೆಯೇ ರಾಜ್ಯಕ್ಕೊಂದು ಕ್ರಿಯಾ ಯೋಜನೆ ಆಯಿತು. 2015ರಲ್ಲಿ ಹೊಂದಾಣಿಕೆಗೆಂದೇ ರಾಷ್ಟ್ರೀಯ ನಿಧಿ ಹುಟ್ಟಿತು, ನಬಾರ್ಡ್ ಅದರ ಉಸ್ತುವಾರಿ. ಇಡೀ ದೇಶಕ್ಕೆ ಸೇರಿ 30 ಯೋಜನೆ, ಒಟ್ಟು 847 ಕೋಟಿ ರೂಪಾಯಿ. ಇಷ್ಟು ದೊಡ್ಡ ದೇಶದ ಮಳೆ, ಬರ, ಕಡಲು, ಹಿಮ ಎಲ್ಲವನ್ನೂ ಆ ದುಡ್ಡಿನಲ್ಲಿ ಸಂಭಾಳಿಸಬೇಕಿತ್ತು. 2022ರ ನವೆಂಬರಿನಲ್ಲಿ ಆ ನಿಧಿಯನ್ನೂ ಯೋಜನೆಗಳ ಪಟ್ಟಿಯಿಂದ ಹೊರಗಿಟ್ಟರು. ನಿಧಿ ಹೋದರೂ ಫ್ಲೆಕ್ಸ್ ಉಳಿದಿದೆ, ಅದು ತಮ್ಮ ಹೆಗ್ಗಳಿಕೆ.

ಕನ್ಸಲ್ಟೆಂಟ್ ಮಹಾಶಯರು ತಲೆಯಾಡಿಸುತ್ತಿದ್ದಾರೆ, ಅವರಿಗೆ ಇದೆಲ್ಲ ಗೊತ್ತಿದೆ. ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಬರದ ಮೇಲೆ ಕಣ್ಣಿಡಲು ಒಂದು ಕೋಶವೇ ಬೇಕು ಎಂದು ದೇಶದಲ್ಲಿ ಮೊದಲು ಯೋಚಿಸಿದ ರಾಜ್ಯ ನಮ್ಮದು, 1988ರಲ್ಲಿ. ಆಗ ಕ್ಲೈಮೇಟ್ ಎಂಬ ಮಾತು ಯಾರ ಬಾಯಲ್ಲೂ ಇರಲಿಲ್ಲ. ಈಗ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲೆಲ್ಲ ತಾನೇ ಲೆಕ್ಕ ಕಳಿಸುವ ಮಳೆಮಾಪಕಗಳಿವೆ, ಆರು ಸಾವಿರಕ್ಕೂ ಹೆಚ್ಚು. ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಹೋಗುತ್ತದೆ. ನಾನು ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ, ಅಣಕಿಸುತ್ತಿಲ್ಲ.

ಅಣಕ ಶುರುವಾಗುವುದು ನಮ್ಮ ಪಂಚಾಯಿತಿಯ ಹಿತ್ತಲಲ್ಲಿ. ಅಲ್ಲಿ ಕಬ್ಬಿಣದ ಬೇಲಿ, ಬೇಲಿಗೊಂದು ಬೀಗ, ಬೀಗದೊಳಗೆ ಮಳೆಮಾಪಕ, ಮಾಪಕದ ನೆತ್ತಿಯ ಮೇಲೆ ಹಲಸಿನ ಮರ. ಯಾವುದೇ ಮರ ಕಟ್ಟಡವಿರಲಿ, ಅದರ ಎತ್ತರದ ಎರಡು ಪಟ್ಟಾದರೂ ದೂರದಲ್ಲಿ ಮಾಪಕ ಇಡಬೇಕು ಎಂಬುದು ಬಾಲಪಾಠ. ಇಟ್ಟವರಿಗೆ ಮರ ಕಾಣಲಿಲ್ಲವೋ, ನೆರಳು ಇಷ್ಟವಾಯಿತೋ. ಒಳಗಿನ ಯಂತ್ರ ಬಲು ಸರಳ. ಮೇಲೊಂದು ಆಲಿಕೆ, ಅದರ ಕೆಳಗೆ ಮಕ್ಕಳ ಏರುಪೇರು ಮಣೆಯಂತೆ ಅತ್ತಿತ್ತ ವಾಲುವ ಎರಡು ಪುಟ್ಟ ಬಟ್ಟಲು. ಒಂದು ತುಂಬಿದರೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೇಳುತ್ತದೆ. ಎಷ್ಟು ಸಲ ವಾಲಿತೋ ಅಷ್ಟು ಮಳೆ. ಆಲಿಕೆಯ ತೂತಿನಲ್ಲಿ ಒಂದು ಹಲಸಿನೆಲೆ ಕೂತರೆ ಬಟ್ಟಲು ವಾಲುವುದಿಲ್ಲ. ವಾಲದಿದ್ದರೆ ಮಳೆಯೇ ಇಲ್ಲ. ನಮ್ಮ ಮಾಪಕದಲ್ಲಿ ಎಲೆ ಕೂತಿತ್ತು, ಎಲೆಯ ಕೆಳಗೆ ಕಣಜ ಗೂಡು ಕಟ್ಟಿತ್ತು. ಬೇಲಿಯ ಹೊರಗೆ ನಿಂತು ಬಗ್ಗಿ ನೋಡಿದರೆ ಅದರ ಮಣ್ಣಿನ ಅಂಚು ಕಾಣುತ್ತಿತ್ತು. ತೆಗೆಯೋಣವೆಂದರೆ ಕೀಲಿ ತಮ್ಮ ಕಚೇರಿಯಲ್ಲಿ. ಅರ್ಜಿ ಕೊಟ್ಟೆವು. ಅರ್ಜಿಯ ಫೋಟೊ ತೆಗೆದು ಜಿಪಿಎಸ್ ಗುರುತಿನ ಸಮೇತ ಅಪ್‌ಲೋಡ್ ಮಾಡಿ ಎಂದರು. ಮಾಡಿದೆವು. ಕಣಜಕ್ಕೆ ಮಕ್ಕಳಾದವು.

ಆ ಆಷಾಢದಲ್ಲಿ ಹೊಳೆ ತೋಟದೊಳಗೆ ಬಂದಿತ್ತು. ಸೂರ್ಯನ ಮುಖ ನೋಡದೆ ಬಟ್ಟೆ ಬೂಸಲು ಹಿಡಿದಿತ್ತು. ತಮ್ಮ ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ನಮ್ಮ ಪಂಚಾಯಿತಿಗೆ ತುಂತುರು ಮಳೆ.

ಇದರಿಂದೇನು ನಷ್ಟ ಎಂದು ಕಿರಿಯ ಕನ್ಸಲ್ಟೆಂಟರು ಕೇಳಿದ್ದರು. ಅಪ್ಪಾ, ಹವಾಮಾನ ಆಧಾರಿತ ಬೆಳೆ ವಿಮೆ ಎಂಬುದರ ಹೊಟ್ಟೆಯಲ್ಲಿರುವುದೇ ಈ ಬಟ್ಟಲು. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮೆ, ರೈತನ ಪಾಲು ಶೇಕಡಾ 5, ಅಂದರೆ 6,400 ರೂಪಾಯಿ. ಉಳಿದ ಕಂತು ರಾಜ್ಯ ಮತ್ತು ಕೇಂದ್ರದ್ದು. ಇದರಲ್ಲಿ ತೋಟಕ್ಕೆ ಯಾರೂ ಬರುವುದಿಲ್ಲ, ಉದುರಿದ ಕಾಯಿ ಎಣಿಸುವುದಿಲ್ಲ. ಎಷ್ಟು ದಿನ ಎಷ್ಟು ಮಿಲಿಮೀಟರ್ ಬಿತ್ತು ಎಂಬ ಅಂಕಿ ನೋಡಿಯೇ ಪರಿಹಾರ. ಯೋಚನೆ ಚೆಂದವೇ, ಮಧ್ಯವರ್ತಿ ಇಲ್ಲ, ಲಂಚ ಇಲ್ಲ. ಆದರೆ ಅಂಕಿಯೇ ಕಟ್ಟಿಕೊಂಡರೆ? ಪಕ್ಕದ ಕೇಂದ್ರದ ಅಂಕಿ ತೆಗೆದುಕೊಳ್ಳುತ್ತೇವೆ ಎಂದರು. ಪಕ್ಕದ್ದು ಇರುವುದು ಗುಡ್ಡದ ಆಚೆ, ಬಯಲ ಕಡೆ. ಸ್ವಾಮಿ, ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಸುರಿಯುತ್ತದೆ. ಅಲ್ಲಿಂದ ಬಸ್ಸಿನಲ್ಲಿ ಒಂದು ತಾಸು ಬಂದರೆ ಸಿಗುವ ತೀರ್ಥಹಳ್ಳಿ ಪೇಟೆಯಲ್ಲಿ ಅದರ ಅರ್ಧವೂ ಇಲ್ಲ. ಮಲೆನಾಡಿನಲ್ಲಿ ಗುಡ್ಡದ ಆಚೆ ಎಂದರೆ ಬೇರೆಯೇ ದೇಶ. ತಮಗಿದು ತಿಳಿಯದೆ? ತಿಳಿದಿತ್ತು. ತಿಳಿದೂ ಫೈಲಿಗೆ ಸಹಿ ಹಾಕಿದಿರಿ!

ಕ್ಷಮಿಸಬೇಕು. ಕಾರ್ಯದರ್ಶಿಗಳು ಪಂಚೆ ಜಗ್ಗುತ್ತಿದ್ದಾರೆ. ಕಾರ್ಯಾಗಾರ ಕಂಠೀರವರ ಗುಣಗಾನಕ್ಕೆ ಮರಳುತ್ತೇನೆ.

ಹೊಂದಾಣಿಕೆ ಮಾಡಿಕೊಳ್ಳುವುದು ಹೇಗೆಂದು ತಾವು ನಮಗೆ ಕಲಿಸಿದಿರಿ. ಎಸಿ ಸಭಾಂಗಣದಲ್ಲಿ ಶಾಲು ಹೊದ್ದು ಕೂತು, ತಾಪಮಾನ ಏರಿಕೆಯ ಗೆರೆ ನೋಡಿ ಬೆವರಿದೆವು. ಅಡಿಕೆಯ ಕೊಳೆರೋಗದ ಸ್ಲೈಡು ಬಂದಾಗ ಕನ್ಸಲ್ಟೆಂಟ್ ಮಹಾಶಯರು ಇದು ಹೊಸ ಸವಾಲು ಎಂದರು. ನಮ್ಮ ಅಜ್ಜಂದಿರು ಮೇಲಿನಿಂದ ನಕ್ಕಿರಬೇಕು. ಕರಡದ ಕೊಟ್ಟೆ ಹೆಣೆದು ಒಂದೊಂದು ಕೊನೆಗೂ ಕಟ್ಟಿ ಮಳೆಗಾಲ ಕಳೆದವರು ಅವರು. ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ಕೊಳೆಯ ಬಗ್ಗೆ 1910ರಲ್ಲೇ ಬರೆದು ಮುಗಿಸಿದ್ದರು. ಮೈಲುತುತ್ತ 1 ಕಿಲೊ, ಸುಣ್ಣ 1 ಕಿಲೊ, ನೀರು 100 ಲೀಟರ್, ಅದು ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ. ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ನಮಗೆ ಗೊತ್ತಿಲ್ಲದ್ದು ಬೋರ್ಡೋ ಅಲ್ಲ. ಎರಡನೇ ಮದ್ದು ಹೊಡೆಯಲು ಒಂದು ದಿನದ ಬಿಸಿಲು ಈಗ ಯಾವಾಗ ಸಿಗುತ್ತದೆ ಎಂಬುದು ಗೊತ್ತಿಲ್ಲ. ಸಿಕ್ಕಿದ ದಿನ ಮರ ಹತ್ತುವವರು ಸಿಗುವುದಿಲ್ಲ. ಮೂರು ದಿನ ಮುಂಚೆ ನಮ್ಮ ಪಂಚಾಯಿತಿಯದೇ ನಂಬುವಂಥ ಮುನ್ಸೂಚನೆ, ಔಷಧಿ ಹೊಡೆಯುವ ಹುಡುಗರಿಗೆ ತರಬೇತಿ ಮತ್ತು ವಿಮೆ, ಸರಿಯಾದ ಸಮಯಕ್ಕೆ ಮೈಲುತುತ್ತ. ಇಷ್ಟು ಮಾಡಿದ್ದರೆ ನಾವೇ ತಮ್ಮನ್ನು ಪಲ್ಲಕ್ಕಿಯಲ್ಲಿ ಹೊರುತ್ತಿದ್ದೆವು. ತಾವು ಕೊಟ್ಟಿದ್ದು ಟೋಪಿ.

ಬಯಲುಸೀಮೆಯವರು ನಮಗಿಂತ ಸುಖಿಗಳೆಂದು ಯಾರೂ ತಿಳಿಯಬೇಡಿ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ. ರಾಜ್ಯ ಕೇಳಿದ್ದು 18,171 ಕೋಟಿ. ಅದಕ್ಕಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2024ರ ಏಪ್ರಿಲ್ ಕೊನೆಗೆ ಬಿಡುಗಡೆಯಾದದ್ದು 3,454 ಕೋಟಿ, ಮುಂದಿನ ಮುಂಗಾರಿಗೆ ತಿಂಗಳೊಂದೇ ಬಾಕಿ ಇದ್ದಾಗ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡೇ ಹೆಕ್ಟೇರಿಗೆ. ಅದೇ ವರ್ಷ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಬರದ ದುಡ್ಡು ಬಂದು ಮೂರು ತಿಂಗಳೂ ಆಗಿರಲಿಲ್ಲ. ಹೀಗೆ ಬೆನ್ನಿಗೆ ಬೆನ್ನು ಬರುವ ಬರ ನೆರೆಗಳನ್ನು ಒಂದೇ ಫೈಲಿನಲ್ಲಿ ನಿಭಾಯಿಸುವ ಕಲೆ ತಮಗೇ ಒಲಿದದ್ದು: ಬರದ ಫೈಲಿನ ಮೇಲಿನ ಚೀಟಿ ಕಿತ್ತು ನೆರೆಯ ಚೀಟಿ ಅಂಟಿಸಿದರಾಯಿತು.

ಈಗ ಶಾಲು. ಉಣ್ಣೆಯದ್ದು, ರಾಜಧಾನಿಯ ಎಸಿಗೆ ಬೇಕಾಗುತ್ತದೆ. ಹಾರ ಏಲಕ್ಕಿಯದಾಗಬೇಕಿತ್ತು, ಈ ವರ್ಷದ ಬೆಲೆಯಲ್ಲಿ ಸೇವಂತಿಗೆಗೆ ಇಳಿದಿದ್ದೇವೆ. ಹಣ್ಣಿನ ತಟ್ಟೆ ಕನ್ಸಲ್ಟೆಂಟ್ ಮಹಾಶಯರ ಕಡೆಯೂ ತಿರುಗಲಿ. ನೆನಪಿನ ಕಾಣಿಕೆಯಾಗಿ ಪುಟ್ಟದೊಂದು ಹಿತ್ತಾಳೆಯ ಮಳೆಮಾಪಕ, ತೂತು ಮುಚ್ಚಿದ್ದು. ಮೇಜಿನ ಮೇಲಿಡಿ, ಪೆನ್ನು ಇಡಲು ಬರುತ್ತದೆ. ಫೋಟೊದವರು ಮುಂದೆ ಬರಲಿ, ಜಿಪಿಎಸ್ ಗುರುತು ಬಿದ್ದಿದೆಯೇ ನೋಡಿಕೊಳ್ಳಲಿ, ಇಲ್ಲವಾದರೆ ಈ ಸನ್ಮಾನವೇ ನಡೆದಿಲ್ಲ ಎಂದಾದೀತು.

ಕಡೆಯದಾಗಿ ಒಂದು ಸಣ್ಣ ಕೋರಿಕೆ. ಚಾರ್ಜು ಒಪ್ಪಿಸುವ ಗಡಿಬಿಡಿಯಲ್ಲಿ ಮರೆಯಬಾರದೆಂದು ಈಗಲೇ, ಮೈಕಿನಲ್ಲೇ ಕೇಳುತ್ತಿದ್ದೇನೆ. ಪಂಚಾಯಿತಿ ಹಿತ್ತಲ ಬೇಲಿಯ ಕೀಲಿ ತಮ್ಮ ಕಚೇರಿಯ ಎಡಗಡೆ ಕಪಾಟಿನಲ್ಲಿದೆ, ಹಸಿರು ದಾರ ಕಟ್ಟಿದ್ದಾರೆ, ತಮ್ಮ ಜವಾನನೇ ತೋರಿಸಿದ. ಅದನ್ನು ನಮ್ಮ ವಾಟರ್‌ಮನ್ ಕೈಗೆ ಕೊಡಿ. ವಾರಕ್ಕೊಮ್ಮೆ ಎಲೆ ತೆಗೆಯುತ್ತಾನೆ, ಹಲಸಿನ ಕೊಂಬೆಯನ್ನು ನಾವು ಕಡಿಯುತ್ತೇವೆ. ಇದಕ್ಕೆ ಬಜೆಟ್ ಬೇಡ, ಕಾರ್ಯಾಗಾರ ಬೇಡ, ಟೋಪಿಯೂ ಬೇಡ. ತಾವು ಕಾರು ಹತ್ತುವ ಮುಂಚೆ ಕೊಟ್ಟರೆ ಸಾಕು. ಅವನು ಊಟಕ್ಕೂ ಹೋಗದೆ ಬಾಗಿಲ ಬಳಿಯೇ ನಿಂತಿರುತ್ತಾನೆ, ನಾನೇ ಹೇಳಿದ್ದೇನೆ.