ನೊರೆಗೆ ಫೋಟೊ, ನನಗೆ ಸ್ಟೀಲ್ ಚಾಕು

ಹೊಸೂರು ಪಕ್ಕದ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಮತ್ತೆ ನೊರೆ. ಮತ್ತೆ ಸಾಹೇಬರು ಬಂದರು, ಬಾಟಲಿಗೆ ನೀರು ತುಂಬಿಕೊಂಡು ಹೋದರು. ಹೊಸೂರಿನವರಿಗೆ ಉಳಿದ ಕಥೆ ಹೇಳಬೇಕಿಲ್ಲ. ದಡದಲ್ಲಿ ಸಿಕ್ಕ ಜಿಲೇಬಿ ಮೀನನ್ನು ಮಾತಾಡಿಸಿದೆ.

ಈ ನೊರೆಯ ಬಗ್ಗೆ—

"ನೊರೆ ಬಿಡಿ ಸಾರ್, ಅದರ ಫೋಟೊ ತೆಗೆಯೋರು ಸಾಲುಗಟ್ಟಿ ನಿಂತವ್ರೆ. ಬಾಟ್ಲಿ ನೀರು ಆ ಗಳಿಗೆ ಲೆಕ್ಕ, ಮಳೆ ಬಂದ್ರೆ ಅದೂ ಬೇರೆ. ತಿಂಗಳುಗಟ್ಲೆ ಲೆಕ್ಕ ಇರೋದು ನನ್ನ ಹೊಟ್ಟೇಲಿ."

ನಿಮ್ಮನ್ನೂ ಪರೀಕ್ಷಿಸುತ್ತಾರಲ್ಲ?

"ಬೆನ್ನಿನ ಮಾಂಸ ಒಂದು ತುಂಡು ಕುಯ್ತಾರೆ. ಪಾದರಸ ಹುಡುಕೋಕೆ ಅದು ಸರಿ. ಕ್ಯಾಡ್ಮಿಯಂ ಕೂತಿರೋದು ಈಲೀಲಿ, ಕಿಡ್ನೀಲಿ. ಸೀಸ ಮೂಳೇಲಿ, ಕಿವಿರಲ್ಲಿ. ಮಾಂಸದಲ್ಲಿ ಸಿಗಲಿಲ್ಲ ಅಂತ ನನಗೆ ಆರೋಗ್ಯ ಸರ್ಟಿಫಿಕೇಟು! ಅದೂ ಸ್ಟೀಲ್ ಚಾಕು. ಅದರ ಕ್ರೋಮಿಯಂ, ನಿಕಲ್ಲೂ ನನ್ನ ಖಾತೆಗೇ. ಸೆರಾಮಿಕ್ ಅಲಗು ತನ್ನಿ, ಡಬ್ಬಿ ನೈಟ್ರಿಕ್ ಆಸಿಡ್‌ನಲ್ಲಿ ತೊಳೀರಿ, ಆಮೇಲೆ ನನ್ನ ಮುಟ್ಟಿ."

ಅದಿರಲಿ. ನಿಮ್ಮ ಮಕ್ಕಳು ಕನ್ನಡ ಮಾಧ್ಯಮವೇ? ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆಯಿಂದ ನಮ್ಮ ಗಡಿಯ ಕನ್ನಡ ಶಾಲೆಗಳಿಗೆ—

"ನಮ್ಮ ಮರಿಗಳು ಬೆಳೆಯೋದು ಅವ್ವನ ಬಾಯೊಳಗೆ ಸಾರ್. ಆ ಬಾಯಿಗೆ ಹೋಗೋ ನೀರಿನ ಚಿಂತೆ ನನಗೆ. ಇನ್ನೊಂದು ಕೇಳಿ. ವರದೀಲಿ ಹಸಿ ತೂಕವೋ ಒಣ ತೂಕವೋ ಬರೆಯಲ್ಲ. ನನ್ನ ಮೈಯಲ್ಲಿ ಮುಕ್ಕಾಲು ಪಾಲು ನೀರೇ. ಒಣಗಿಸಿ ಅಳೆದ್ರೆ ಅಂಕಿ ನಾಲ್ಕೈದು ಪಟ್ಟು ಏರುತ್ತೆ. ಒಬ್ಬರ ವರದೀಲಿ ನಾನು ವಿಷ, ಇನ್ನೊಬ್ಬರದ್ದರಲ್ಲಿ ಊಟ."

ಕನ್ನಡ ಮೇಷ್ಟ್ರ ಖಾಲಿ ಹುದ್ದೆಗಳಾದರೂ—

"ಕನ್ನಡ, ಕನ್ನಡ ಅಂತೀರಲ್ಲ, ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ ಇಳಿದು ಇಲ್ಲಿಗೆ ಬರೋ ಕೊಳಚೆ ಯಾವ ಮಾಧ್ಯಮ?"

ನನಗೆ ಉತ್ತರ ಹೊಳೆಯಲಿಲ್ಲ. ಮೀನು ನಿಲ್ಲಿಸಲೂ ಇಲ್ಲ.

"2018ರ ಜನವರೀಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ಮಿಲಿಟರಿ ಬಂತು. ಇಲ್ಲಿ ಕಾಲುವೆಗೆ ಇಳಿದ ರೈತ ಮೈ ಕೆರ್ಕೊಂಡ್ರೆ ಮುಲಾಮು ಹಚ್ಕೋ ಅಂತಾರೆ. ಅವನ ಸೊಪ್ಪು ಅದೇ ಬೆಂಗಳೂರಿಗೆ ವಾಪಸ್ ಹೋಗುತ್ತೆ. ನಾವು ಸತ್ತು ತೇಲಿದ್ರೆ ಗುಂಡಿ ತೋಡಿ ಮುಚ್ತಾರೆ. ಸಾಕ್ಷಿ ಕೊಳೆಯೋ ಮುಂಚೆ ಒಂದು ಐಸ್ ಪೆಟ್ಟಿಗೆ ತರೋಕೂ ಕರ್ನಾಟಕ, ತಮಿಳುನಾಡು ಎರಡೂ ಸರ್ಕಾರಕ್ಕೆ ಆಗಲ್ವ?"

ಕೊನೆಯದಾಗಿ, ಗಡಿ ಶಾಲೆಗಳ ಪಠ್ಯಪುಸ್ತಕ—

"ಬಲೆ ಬಂತು ಸಾರ್. ಸಂತೇಲಿ ಮಾತ್ರ ಗೊಂದಲ ಇಲ್ಲ, ಹಸಿ ತೂಕವೇ. ಕೊಂಡೋರಿಗೆ ಹೇಳಿ, ಈಲಿ ಬಿಸಾಡಬೇಡಿ, ಲ್ಯಾಬಿಗೆ ಕಳಿಸಿ ಅಂತ."