ಡ್ರೈವರ್‌ನಿಷ್ಠರು

ಪ್ರತಿ ಹೋಲಿನ ಮೊದಲ ಹೊಡೆತಕ್ಕೂ ಬ್ಯಾಗಿನಲ್ಲಿರುವ ಅತಿ ಉದ್ದದ ಕೋಲಾದ ಡ್ರೈವರನ್ನೇ ಎಳೆಯುವ ಹವ್ಯಾಸಿ ಗಾಲ್ಫ್ ಆಟಗಾರರನ್ನು ಡ್ರೈವರ್‌ನಿಷ್ಠರು ಎನ್ನಬಹುದು. ಮುಂದಿನ ಹಾದಿ ಅಗಲವಿರಲಿ ಕಿರಿದಿರಲಿ, ಗಾಳಿ ಎದುರಿಗಿರಲಿ ಬೆನ್ನಿಗಿರಲಿ, ಹಿಂದಿನ ಹೋಲಿನಲ್ಲಿ ಚೆಂಡು ಕಳೆದಿರಲಿ ಉಳಿದಿರಲಿ, ಇವರ ಕೈ ಹೋಗುವುದು ಅದೊಂದಕ್ಕೇ. ಗಾಲ್ಫ್ ಇರುವ ಕಡೆಯಲ್ಲೆಲ್ಲ ಈ ವರ್ಗ ಇದೆ. ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಳೆಯದಾದ್ದರಿಂದ, ಕರ್ನಾಟಕದಲ್ಲಿ ಇದರ ವಂಶಾವಳಿಗೂ ಒಂದೂವರೆ ಶತಮಾನವಾಗಿದೆ ಎಂದು ಊಹಿಸಲು ಅಡ್ಡಿಯಿಲ್ಲ.

ಮೈಸೂರು ಜಿಲ್ಲೆಯಲ್ಲಿ ಈ ವರ್ಗದ ಉತ್ತಮ ಮಾದರಿಯೊಂದು ನಂಜನಗೂಡಿನಲ್ಲಿದೆ. ಅದಕ್ಕೆ ತದ್ವಿರುದ್ಧವಾದ, ಡ್ರೈವರನ್ನು ಮುಟ್ಟದ ವರ್ಗದ ಮಾದರಿ ಟಿ. ನರಸೀಪುರದಲ್ಲಿದೆ. ಕಪಿಲೆ ನಂಜನಗೂಡಿನಿಂದ ನೇರವಾಗಿ ಟಿ. ನರಸೀಪುರಕ್ಕೆ ಹರಿದು ಕಾವೇರಿಯನ್ನು ಕೂಡುತ್ತಾಳೆ. ಗಾಲ್ಫ್ ಆಡುವವರಿಗೆ ಆ ಹಾದಿ ಪ್ರಯೋಜನಕ್ಕೆ ಬರುವುದಿಲ್ಲ. ಅವರು 766ನೇ ರಾಷ್ಟ್ರೀಯ ಹೆದ್ದಾರಿಯ ಮೇಲೆ, ಒಬ್ಬರು ಈ ತುದಿಯಿಂದ ಮತ್ತೊಬ್ಬರು ಆ ತುದಿಯಿಂದ ಹೊರಟು, ಮಧ್ಯದ ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿಗೆ ಬಂದು ಸೇರುತ್ತಾರೆ. ರೇಸ್ ಕೋರ್ಸ್ ಆವರಣದಲ್ಲಿರುವ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನ ಮೈದಾನ ಇರುವುದು ಅಲ್ಲೇ. ನಂಜನಗೂಡಿನವರ ಕಾರಿನಲ್ಲಿ ಜಾಗ ಪಡೆದ ಜೊತೆಗಾರರಿಗೆ ಡ್ರೈವರಿನ ಮಹಿಮೆಯ ವಿವರಣೆ ತಾಂಡವಪುರದಲ್ಲಿ ಆರಂಭವಾಗುತ್ತದೆ. ಕಡಕೊಳ ದಾಟಿದರೂ ಮುಗಿಯುವುದಿಲ್ಲ.

ಡ್ರೈವರಿನ ತಲೆಯ ಗಾತ್ರ 460 ಘನ ಸೆಂಟಿಮೀಟರ್ ಮೀರಬಾರದು, ಕೋಲಿನ ಉದ್ದ 48 ಅಂಗುಲ ದಾಟಬಾರದು ಎಂದು ನಿಯಮವಿದೆ. ಅಂಗಡಿಯಲ್ಲಿ ಸಿಗುವವು ಸಾಮಾನ್ಯವಾಗಿ 45 ಅಂಗುಲದ ಆಸುಪಾಸಿನವು. ಮುಖದ ಓರೆ ಬಹುತೇಕ 9ರಿಂದ 12 ಡಿಗ್ರಿ. ಇಷ್ಟೆಲ್ಲ ಸಲಕರಣೆಯಿಂದ ಹೊಡೆಯಬೇಕಾದ ಚೆಂಡು 46 ಗ್ರಾಂ ಕೂಡ ತೂಗುವುದಿಲ್ಲ. ಡ್ರೈವರ್‌ನಿಷ್ಠರು ಎರಡು ಮೂರು ವರ್ಷಕ್ಕೊಮ್ಮೆ ಹೊಸ ಡ್ರೈವರ್ ಕೊಳ್ಳುತ್ತಾರೆ, ಹಳೆಯದರ ದೋಷಗಳನ್ನು ಆಗ ಮೊದಲ ಬಾರಿಗೆ ಒಪ್ಪಿಕೊಳ್ಳುತ್ತಾರೆ. ಕೋಲಿನ ತಲೆಗೆ ಹೆಣೆದ ಟೋಪಿ ಇರುತ್ತದೆ. ಅದನ್ನು ತೆಗೆದು ಕ್ಯಾಡಿಯ ಕೈಗೆ ಕೊಡುವಾಗಿನ ಗಾಂಭೀರ್ಯ ಚೆಂಡಿಗೆ ಏಟು ಬೀಳುವವರೆಗೂ ಉಳಿಯುತ್ತದೆ.

ಯಾವ ಗುಣದಿಂದ ಈ ಕೋಲು ಚೆಂಡನ್ನು ದೂರ ಕಳಿಸುತ್ತದೋ ಅದೇ ಗುಣದಿಂದ ಅಡ್ಡಕ್ಕೂ ಕಳಿಸುತ್ತದೆ. ಉದ್ದ ಹೆಚ್ಚಿದಷ್ಟೂ ತಲೆಯ ವೇಗ ಹೆಚ್ಚುತ್ತದೆ, ಆದರೆ ಚೆಂಡು ಮುಖದ ನಡುಭಾಗಕ್ಕೆ ತಾಗುವುದು ಕಷ್ಟವಾಗುತ್ತದೆ. ಓರೆ ಕಡಿಮೆಯಾದ್ದರಿಂದ ಚೆಂಡು ಹಿಮ್ಮುಖವಾಗಿ ತಿರುಗುವುದೂ ಕಡಿಮೆ. ಕೋಲು ಬೀಸಿ ಬಂದ ದಿಕ್ಕಿಗೆ ಹೋಲಿಸಿದರೆ ಮುಖ ತುಸುವೇ ಬಲಕ್ಕೆ ತೆರೆದಿದ್ದರೂ ತಿರುಗುವ ಅಚ್ಚು ಬಹಳ ವಾಲಿಬಿಡುತ್ತದೆ. ಗಿಡ್ಡ ಕೋಲಾದ 7ನೇ ಐರನ್ನಿನಲ್ಲಿ ಅಷ್ಟೇ ತಪ್ಪಾದರೆ ವಾಲುವುದು ಹೆಚ್ಚುಕಡಿಮೆ ಅರ್ಧದಷ್ಟು. ಚೆಂಡು ಹೊರಟ ದಿಕ್ಕೇ 4 ಡಿಗ್ರಿ ತಪ್ಪಿದರೂ 200 ಗಜದ ಹೊತ್ತಿಗೆ 14 ಗಜ ಆಚೆ ಹೋಗಿರುತ್ತದೆ. ಗಾಳಿಯಲ್ಲಿ ಬಾಗುವುದು ಇದರ ಮೇಲಿನ ಲೆಕ್ಕ. ಹೀಗೆ ಬಲಕ್ಕೆ ಬಾಗುವುದನ್ನು ಆಟಗಾರರು ಸ್ಲೈಸ್ ಎನ್ನುತ್ತಾರೆ. ನಂಜನಗೂಡಿನ ಮಾದರಿಯ ಸ್ಲೈಸ್ ಅವರ ಊರಿನ ರಸಬಾಳೆಯ ಹಾಗೆ ಬುಡದಲ್ಲಿ ನೆಟ್ಟಗಿದ್ದು, ಆಮೇಲೆ ಮನಸ್ಸು ಬದಲಿಸಿದಂತೆ ಬಾಗುತ್ತದೆ.

ವೃತ್ತಿಯಲ್ಲಿ ಈ ಮಾದರಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದ ಮುಖ್ಯಸ್ಥರು. ಸೋಮವಾರದಿಂದ ಶನಿವಾರದವರೆಗೆ ಅವರ ಕೆಲಸ ವ್ಯತ್ಯಾಸ ಹಿಡಿಯುವುದು. ಪೊಟ್ಟಣದ ತೂಕದಲ್ಲಿ ಅರ್ಧ ಗ್ರಾಂ ಏರುಪೇರಾದರೆ ಯಂತ್ರ ನಿಲ್ಲಿಸುತ್ತಾರೆ, ಕಾರಣ ಕೇಳುತ್ತಾರೆ, ಕಾರಣ ಬರೆದುಕೊಟ್ಟವರ ಕಾಗುಣಿತವನ್ನೂ ತಿದ್ದುತ್ತಾರೆ. ಭಾನುವಾರ ಚೆಂಡು ಅರವತ್ತು ಗಜ ಬಲಕ್ಕೆ ಹೋದರೆ "ಒಂಚೂರು ಗಾಳಿ" ಎನ್ನುತ್ತಾರೆ.

ಡ್ರೈವರ್‌ನಿಷ್ಠರ ಲಕ್ಷಣಗಳಲ್ಲಿ ಜೊತೆಗಾರರಿಗೆ ಅತಿ ಹೆಚ್ಚು ಅನುಭವಕ್ಕೆ ಬರುವುದು ಚೆಂಡು ಹುಡುಕಾಟ. ಹುಡುಕಲು 2018ರ ಕೊನೆಯವರೆಗೆ ಐದು ನಿಮಿಷ ಇತ್ತು. ಈಗ ಮೂರೇ ನಿಮಿಷ. ಆ ಹೊತ್ತಿಗೆ ಸಿಗದಿದ್ದರೆ ಚೆಂಡು ಕಳೆದಂತೆ ಲೆಕ್ಕ; ಒಂದು ಹೊಡೆತದ ದಂಡ ತೆತ್ತು, ಹೊಡೆದ ಜಾಗಕ್ಕೇ ಮರಳಿ ಮೂರನೇ ಹೊಡೆತ ಹೊಡೆಯಬೇಕು. ಈ ಓಡಾಟ ತಪ್ಪಿಸಲು, ಚೆಂಡು ಕಳೆದಿರಬಹುದೆಂಬ ಅನುಮಾನ ಬಂದ ಕೂಡಲೇ "ಪ್ರಾವಿಷನಲ್" ಎಂದು ಹೇಳಿ ಇನ್ನೊಂದು ಚೆಂಡು ಹೊಡೆದಿಡುವ ಸೌಲಭ್ಯ ನಿಯಮದಲ್ಲಿದೆ. ಡ್ರೈವರ್‌ನಿಷ್ಠರು ಅದನ್ನು ಬಳಸುವುದಿಲ್ಲ. "ಹೋಯ್ತು ಅಂತ ಬಾಯಲ್ಲಿ ಅಂದ್ಬಿಟ್ರೆ ಹೋಗೇ ಹೋಗುತ್ತೆ ಸಾರ್" ಎಂಬುದು ನಂಜನಗೂಡಿನ ವಾದ.

ಇದಕ್ಕೆ ಉದಾಹರಣೆಯಾಗಿ 310 ಗಜದ ಒಂದು ಹೋಲನ್ನು ತೆಗೆದುಕೊಳ್ಳಬಹುದು. ಬಲಕ್ಕೆ ಮರ, ಮರದ ಬುಡದಲ್ಲಿ ಪೊದೆ. ಟಿ. ನರಸೀಪುರದ ಹಿರಿಯರು, ನಿವೃತ್ತ ನೀರಾವರಿ ಇಂಜಿನಿಯರು, ನಾಲೆಯ ನೀರು ಹಂಚಿದ ಅಭ್ಯಾಸದಲ್ಲಿ ದೂರವನ್ನೂ ಹಂಚಿಬಿಡುತ್ತಾರೆ: ಮೊದಲ ಹೊಡೆತಕ್ಕೆ 170, ಎರಡನೆಯದಕ್ಕೆ 140. ಅವರ ಚೆಂಡು ನಡುದಾರಿಯಲ್ಲಿ ಬಿದ್ದು, ಯಾರ ಗಮನವನ್ನೂ ಸೆಳೆಯದೆ ಕೂತಿರುತ್ತದೆ. ಮುಂದಿನ ಸರದಿ ನಂಜನಗೂಡಿನದು. "ಇಲ್ಲಿ ಐರನ್ ಸಾಕು ಸಾರ್, ಬಲಗಡೆ ಮರ ಅವೆ" ಎನ್ನುತ್ತಾನೆ ಕ್ಯಾಡಿ. "ಕೊಡಪ್ಪ ಡ್ರೈವರ್ರು. ಇವತ್ತು ಕೈ ಕೂತಿದೆ" ಎಂಬ ಉತ್ತರ ಬರುತ್ತದೆ. ಕೈ ಎಲ್ಲಿ ಕೂತಿತ್ತೋ, ಚೆಂಡು ಹೋಗಿ ಪೊದೆಯಲ್ಲಿ ಕೂರುತ್ತದೆ.

ಬಳಿಕ ಎಲ್ಲರೂ ಪೊದೆಗೆ ಇಳಿಯುತ್ತಾರೆ. ಚೆಂಡು ಬಿದ್ದ ಜಾಗವನ್ನು ಕ್ಯಾಡಿ ಒಂದು ಕಡೆ ತೋರಿಸುತ್ತಾನೆ, ಹಿರಿಯರು ಅದಕ್ಕಿಂತ ಹಿಂದೆ, ಚೆಂಡಿನ ಮಾಲೀಕರು ಯಾವಾಗಲೂ ಇಪ್ಪತ್ತು ಗಜ ಮುಂದೆ. ಜೊತೆಗಾರರ ಕಾಲುಚೀಲಕ್ಕೆ ಉತ್ತರಾಣಿ ಬೀಜ ಮೆತ್ತಿಕೊಳ್ಳುತ್ತದೆ. ಹಿಂದಿನ ತಂಡದವರು ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾರೆ. ಮೂರು ನಿಮಿಷ ಕಳೆದದ್ದನ್ನು ಹಿರಿಯರು ಗಡಿಯಾರ ನೋಡಿ ಹೇಳುತ್ತಾರೆ, ಮಾಲೀಕರಿಗೆ ಕೇಳಿಸುವುದಿಲ್ಲ. ಒಂದು ಭಾನುವಾರ ಇದೇ ಹಂತದಲ್ಲಿ ಪೊದೆಯೊಳಗಿಂದ "ಸಿಕ್ತು!" ಎಂಬ ಕೂಗು ಬಂತು. ಚೆಂಡಿನ ಮೇಲೆ ಮಾಲೀಕರ ಗುರುತಾದ ಹಸಿರು ಶಾಯಿಯ ಎರಡು ಚುಕ್ಕೆ ಇದ್ದವು. ಪಕ್ಕದಲ್ಲಿ, ಅವರದೇ ಶಿಸ್ತಿನ ಕೈಬರಹದಲ್ಲಿ, ಹಿಂದಿನ ಭಾನುವಾರದ ತಾರೀಖೂ ಇತ್ತು. ಬೇರೆಯವರಾಗಿದ್ದರೆ ಮುಖ ಸಪ್ಪಗಾಗುತ್ತಿತ್ತು. ಗುಣಮಟ್ಟದ ಮುಖ್ಯಸ್ಥರು ಚೆಂಡನ್ನು ಎತ್ತಿ ಹಿಡಿದರು. "ನೋಡಿದ್ರಾ ಸಾರ್, ಎರಡು ವಾರ, ಒಂದೇ ಜಾಗ. ಇದಕ್ಕೇ ಕನ್ಸಿಸ್ಟೆನ್ಸಿ ಅನ್ನೋದು." ಟಿ. ನರಸೀಪುರದವರು ಸಮಾಧಾನವಾಗಿಯೇ ಹೇಳಿದರು: "ಹಂಗಾದ್ರೆ ಅಲ್ಲೇ ಒಂದು ಮಣೆ ಹಾಕಿಸ್ಬಿಡಪ್ಪ."

ಇತರ ಲಕ್ಷಣಗಳನ್ನು ಸಂಕ್ಷೇಪವಾಗಿ ಹೇಳಬಹುದು. ಕೆಟ್ಟ ಹೊಡೆತದ ನಂತರ ಇವರು ಕೋಲಿನ ಮುಖವನ್ನು ತಿರುಗಿಸಿ ನೋಡುತ್ತಾರೆ. ಮೊದಲ ಹೋಲಿನ ಮೊದಲ ಹೊಡೆತವನ್ನು ಲೆಕ್ಕಕ್ಕೆ ಹಿಡಿಯುವುದು ಅಸಭ್ಯತೆ ಎಂದು ನಂಬುತ್ತಾರೆ. ಲಿಫ್ಟಿಗೆ ಕಾಯುವಾಗ ಛತ್ರಿ ಬೀಸುತ್ತಾರೆ, ಮದುವೆ ಊಟದ ಸಾಲಿನಲ್ಲಿ ಬರಿಗೈ ಬೀಸುತ್ತಾರೆ. ಜೊತೆಗಾರರ ಲಕ್ಷಣವನ್ನೂ ಇಲ್ಲಿಯೇ ದಾಖಲಿಸುವುದು ನ್ಯಾಯ. ಅವರು ಐರನ್ ಹಿಡಿದು ಅತ್ಯಂತ ನೇರವಾಗಿ, ಅತ್ಯಂತ ಹತ್ತಿರಕ್ಕೆ ಹೊಡೆಯುವವರು. ಬುದ್ಧಿವಾದ ಧಾರಾಳ. ಆದರೆ ಆಟ ಮುಗಿದು ಎಣಿಸುವಾಗ ಅವರ ಹೊಡೆತಗಳು ಡ್ರೈವರ್‌ನಿಷ್ಠರವಕ್ಕಿಂತ ಕಡಿಮೆಯಾಗಿದ್ದ ಭಾನುವಾರಗಳು ವಿರಳ.

ಡ್ರೈವರ್ ಬೇಕೇ ಬೇಡವೇ ಎಂಬ ವಾದಕ್ಕೆ ಎರಡೂ ಕಡೆ ದೊಡ್ಡ ಸಾಕ್ಷಿಗಳಿವೆ. ಟಿ. ನರಸೀಪುರದವರು 2006ರ ಬ್ರಿಟಿಷ್ ಓಪನ್ನನ್ನು ಎತ್ತುತ್ತಾರೆ. ಹೊಯ್ಲೇಕ್‌ನಲ್ಲಿ ಟೈಗರ್ ವುಡ್ಸ್ ನಾಲ್ಕು ದಿನದ 72 ಹೋಲುಗಳಲ್ಲಿ ಡ್ರೈವರ್ ಹಿಡಿದದ್ದು ಒಂದೇ ಸಲ, ಗೆದ್ದದ್ದೂ ಅವರೇ. ಅವರ ಎರಡನೇ ಸಾಕ್ಷಿ ಬೆಂಗಳೂರಿನ ಅದಿತಿ ಅಶೋಕ್. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಹೊಡೆತದ ದೂರದಲ್ಲಿ ಕೊನೆಯ ಸಾಲಿನವರ ಜೊತೆಗಿದ್ದರೂ, ತಾಯಿಯನ್ನು ಕ್ಯಾಡಿಯಾಗಿ ಜೊತೆಗಿಟ್ಟುಕೊಂಡು, ಗ್ರೀನ್ ಮೇಲಿನ ಚಾಕಚಕ್ಯತೆಯಿಂದ ನಾಲ್ಕನೇ ಸ್ಥಾನಕ್ಕೆ ಬಂದರು. ಕಂಚಿಗೆ ಕಡಿಮೆಯಾದದ್ದು ಒಂದು ಹೊಡೆತ. ಮೂರನೆಯದು ಕಾರ್ನೂಸ್ಟಿಯಲ್ಲಿ ನಡೆದ 1999ರ ಬ್ರಿಟಿಷ್ ಓಪನ್. ಮೂರು ಹೊಡೆತ ಮುಂದಿದ್ದ ಜಾನ್ ವಾನ್ ಡಿ ವೆಲ್ಡ್ ಕೊನೆಯ ಹೋಲಿನಲ್ಲಿ ಡ್ರೈವರ್ ಎತ್ತಿ, ಏಳು ಹೊಡೆತ ತೆಗೆದುಕೊಂಡು, ಪ್ಲೇ ಆಫ್‌ನಲ್ಲಿ ಸೋತರು. ಇಲ್ಲಿ ನಂಜನಗೂಡಿನವರ ಪಾಟೀಸವಾಲು ಸಮರ್ಪಕವಾಗಿಯೇ ಇದೆ. ಆ ಡ್ರೈವರ್ ಹೊಡೆತ ಅಡ್ಡಾದಿಡ್ಡಿಯಾದರೂ ಆಡಬಲ್ಲ ಜಾಗದಲ್ಲೇ ಬಿದ್ದಿತ್ತು. ಪ್ರೇಕ್ಷಕರ ಗ್ಯಾಲರಿಗೆ ಬಡಿದು ಕೆಡಿಸಿದ್ದು ಮುಂದಿನ ಐರನ್ ಹೊಡೆತ.

ಲೆಕ್ಕವೂ ನಂಜನಗೂಡಿನವರನ್ನು ಪೂರ್ತಿ ಕೈಬಿಡುವುದಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಬ್ರಾಡಿ ಅಪಾರ ಸಂಖ್ಯೆಯ ಹೊಡೆತಗಳನ್ನು ವಿಶ್ಲೇಷಿಸಿ 2014ರಲ್ಲಿ ಪುಸ್ತಕ ಪ್ರಕಟಿಸಿದರು. ಆಟಗಾರರ ನಡುವಿನ ಅಂತರ ಹುಟ್ಟುವುದು ಹೆಚ್ಚಾಗಿ ದೂರದ ಹೊಡೆತಗಳಲ್ಲಿ, ಹೆಚ್ಚುವರಿ ದೂರದಿಂದ ಸಾಧಾರಣ ಆಟಗಾರನಿಗೆ ಆಗುವ ಲಾಭ ವೃತ್ತಿಪರನಿಗಿಂತಲೂ ಹೆಚ್ಚು ಎಂಬುದು ಅವರ ನಿಲುವು. ಆದ್ದರಿಂದ ಹವ್ಯಾಸಿಗಳು ಡ್ರೈವರ್ ಮುಟ್ಟಲೇಬಾರದೆಂಬ ಟಿ. ನರಸೀಪುರದ ಕಟ್ಟಳೆ ನಿಲ್ಲುವುದಿಲ್ಲ. ಆದರೆ ಕಳೆದ ಒಂದೊಂದು ಚೆಂಡಿನ ಬೆಲೆ ಸುಮಾರು ಎರಡು ಹೊಡೆತ. ಒಂದು ಸುತ್ತಿನಲ್ಲಿ ಡ್ರೈವರಿನ ದೂರದಿಂದ ಉಳಿಯುವುದು ಒಂದೆರಡು ಹೊಡೆತವಾದರೆ, ಅದೇ ಡ್ರೈವರಿನಿಂದ ಎರಡು ಚೆಂಡು ಹೆಚ್ಚು ಕಳೆದ ದಿನ ಲಾಭ ಕರಗಿ ನಷ್ಟ ಶುರು. ಒಟ್ಟಾರೆ ಹೇಳುವುದಾದರೆ, ಚೆಂಡು ಬೀಳುವ ಜಾಗದಲ್ಲಿ ಅಗಲವಿದ್ದರೆ, ತಪ್ಪಿದರೂ ಮತ್ತೆ ಆಡುವಂತಿದ್ದರೆ ಡ್ರೈವರ್. ಬಲಕ್ಕೆ ಪೊದೆಯೋ ಗಡಿಯೋ ಒತ್ತಿ ನಿಂತಿದ್ದರೆ 3ನೇ ಅಥವಾ 5ನೇ ವುಡ್, ಇಲ್ಲವೇ ಐರನ್. ಸ್ಲೈಸ್ ಇರುವವರಿಗೆ 9 ಡಿಗ್ರಿಗಿಂತ 12 ಡಿಗ್ರಿಯ ಮುಖ ಹೆಚ್ಚು ಕ್ಷಮಾಶೀಲ.

ಈ ಸೂತ್ರವನ್ನು ನಂಜನಗೂಡಿನ ಮಾದರಿಗೆ ಹಲವು ಸಲ ವಿವರಿಸಲಾಗಿದೆ. ಅವರಿಗೆ ಅರ್ಥವಾಗಿಲ್ಲ ಎನ್ನುವಂತಿಲ್ಲ. ಕಾರ್ಖಾನೆಯಲ್ಲಿ ಇದಕ್ಕಿಂತ ಕಠಿಣವಾದ ಲೆಕ್ಕವನ್ನು ಅವರೇ ಇತರರಿಗೆ ಕಲಿಸುತ್ತಾರೆ. ಆದರೂ ಒಂದು ಸುತ್ತಿನಲ್ಲಿ ಒಮ್ಮೆ, ಬಹುತೇಕ ಎಲ್ಲರೂ ದಣಿದಿರುವ ಕೊನೆಯ ಹೋಲುಗಳಲ್ಲಿ, ಅವರ ಡ್ರೈವರ್ ಚೆಂಡಿನ ನಡುವಿಗೆ ತಾಗಿಬಿಡುತ್ತದೆ. ಆಗ ಚೆಂಡು ಬಾಗುವುದಿಲ್ಲ. ಬೆಟ್ಟದ ಕಡೆಗೆ ಏರಿ, ಏರಿದಲ್ಲೇ ಕೊಂಚ ಹೊತ್ತು ತಂಗಿ, 240 ಗಜದಾಚೆ ಇಳಿಯುತ್ತದೆ. ಹಿರಿಯರೂ "ಭಲೇ" ಎನ್ನುತ್ತಾರೆ. ಸದಾ ಮಾತಾಡುವ ಮನುಷ್ಯ ಆ ಕ್ಷಣದಲ್ಲಿ ಏನೂ ಹೇಳುವುದಿಲ್ಲ. ವಾರದ ಆರು ದಿನ ಅರ್ಧ ಗ್ರಾಮಿನ ಒಳಗೆ ಬದುಕುವವರಿಗೆ ಏಳನೇ ದಿನ ಮಿತಿ ಮೀರಿದ್ದೊಂದು ಬೇಕಾಗುತ್ತದೆ ಎಂಬುದನ್ನು ಸ್ಕೋರ್ ಕಾರ್ಡು ಬರೆದುಕೊಳ್ಳುವುದಿಲ್ಲ. ಅದರಲ್ಲಿ ಅದಕ್ಕೆ ಕಾಲಮ್ಮಿಲ್ಲ. 170 ಮತ್ತು 140ನ್ನು ತಪ್ಪದೆ ಕೂಡುವವರು ಎಂದಾದರೂ ಕಡಿಮೆ ಹೊಡೆತದಲ್ಲಿ ಮನೆಗೆ ಹೋದರೂ, ಸೋಮವಾರ ಹೇಳಿಕೊಳ್ಳುವಂಥದ್ದು ಅವರ ಬಳಿ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಆಟವನ್ನು ಹೊಡೆತದ ಸಂಖ್ಯೆಯಿಂದ ಮಾತ್ರ ಅಳೆಯುವುದು ಪೂರ್ತಿ ಸರಿಯಲ್ಲವೇನೋ.

ಕೊನೆಯದಾಗಿ, ಸಲಕರಣೆಯ ನಿಯಮ. ಒಬ್ಬ ಆಟಗಾರ ಒಂದು ಸುತ್ತಿಗೆ 14ಕ್ಕಿಂತ ಹೆಚ್ಚು ಕೋಲು ಒಯ್ಯುವಂತಿಲ್ಲ. ಕನಿಷ್ಠ ಎಷ್ಟಿರಬೇಕೆಂದು ನಿಯಮ ಹೇಳುವುದಿಲ್ಲ. ಟಿ. ನರಸೀಪುರದ ಹಿರಿಯರು ಒಯ್ಯುವುದು ಒಂಬತ್ತು. ನಿಯಮ ಹೀಗಿರುವುದರಿಂದ ಡ್ರೈವರನ್ನು ಮನೆಯಲ್ಲೇ ಬಿಟ್ಟು ಬರುವುದಕ್ಕೆ ಯಾವ ದಂಡವೂ ಇಲ್ಲ. ಡ್ರೈವರ್‌ನಿಷ್ಠರು ಈ ಸೌಲಭ್ಯವನ್ನು ಬಳಸಿಕೊಂಡ ಉದಾಹರಣೆ ನಂಜನಗೂಡಿನಲ್ಲಿ ಈವರೆಗೆ ಕಂಡುಬಂದಿಲ್ಲ.